ಅಂಜುಮಗ ಹೇಳು

ಏಪ್ರಿಲ್ ೨೧, ಸೋಮವಾರ

ಇವತ್ತು ದಿನವಿಡೀ ಮಾತಾಡಿ ಗಂಟಲು ಒಣಗಿದೆ. ಆಡಿದ್ದರಲ್ಲಿ ನನ್ನ ಮಾತು ಒಂದೂ ಇರಲಿಲ್ಲ.

ಶಾಲೆಗೆ ರಜೆ ಬಿದ್ದಾಗಿನಿಂದ ನಾನೂ ದಿನವಿಡೀ ಇವರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ. ನಾವು ಕೂರುವ ಕ್ರಮ ಹೀಗೆ. ಕಿಟಕಿಯ ಬೆಳಕಿಗೆ ಅಂಜುಮ, ಗೋಡೆಯ ಕಡೆಗೆ ಇವರು, ನಡುವಿನ ಸ್ಟೂಲಿನ ಮೇಲೆ ನಾನು. ಅಂಜುಮ ಇವರ ತಮ್ಮ ತನ್ವೀರನ ಹೆಂಡತಿ. ಈ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಜೊತೆ ನೇರವಾಗಿ ಮಾತಾಡುವುದಿಲ್ಲ, ಭಾವನೂ ಅವಳ ಜೊತೆ ಆಡುವುದಿಲ್ಲ. ಹುಬ್ಬಳ್ಳಿಯ ನನ್ನ ತವರಿನಲ್ಲಿ ಈ ಪದ್ಧತಿ ಇರಲಿಲ್ಲ. ಮದುವೆಯಾಗಿ ರೋಣಕ್ಕೆ ಬಂದ ಹೊಸದರಲ್ಲಿ ಇದನ್ನು ಕೇಳಿ ನಕ್ಕಿದ್ದೆ. ಈಗ ಆ ಪದ್ಧತಿಗೆ ದುಡಿಯುವವಳು ನಾನೇ.

"ಅಕ್ಕಾ, ಭಾವಗ ಹೇಳ್ರಿ, ಈ ಬೋರ್ಡ್ ಸತ್ತೈತಿ, ಆದ್ರ ಪ್ರೊಸೆಸರ್ ಇನ್ನೂ ಜೀವಂತ ಐತಿ ಅನಸ್ತೈತಿ."

ಇವರು ಒಂದು ಮೊಳ ದೂರದಲ್ಲೇ ಕೂತಿರುತ್ತಾರೆ. ಕಿವಿಯೂ ಚುರುಕು. ಆದರೂ ನಾನು ತಿರುಗಿ ಅದನ್ನೇ ಹೇಳಬೇಕು. ಆಮೇಲೆ ಇವರು, "ಹಂಗಾರ ತಗದು ಬ್ಯಾರೆ ಬೋರ್ಡಿಗೆ ಹಾಕಿ ನೋಡು ಅಂತ ಅಂಜುಮಗ ಹೇಳು" ಎನ್ನುತ್ತಾರೆ. ನಾನು ಈ ಕಡೆ ತಿರುಗುವಷ್ಟರಲ್ಲಿ ಅವಳ ಕೈ ಅರ್ಧ ಕೆಲಸ ಮುಗಿಸಿರುತ್ತದೆ.

ಮೊದಲು ಈ ಅಂಗಡಿಗೆ ನಾನು ಬೇಕಾಗಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನಾದರೂ ಬಂದರೆ ಇವರು ನಾನು ಪಾಠ ಮಾಡುವ ಶಾಲೆಗೇ ಫೋನು ಮಾಡಿ ಅಕ್ಷರ ಅಕ್ಷರ ಓದಿ, "ಹಂಗಂದ್ರೇನು ಜಬೀನ?" ಎಂದು ಕೇಳುತ್ತಿದ್ದರು. ಈಗ ಅಂಜುಮ ಮೊಬೈಲಿಗೆ ತೋರಿಸಿದರೆ ಅದೇ ಕನ್ನಡದಲ್ಲಿ ಹೇಳುತ್ತದೆ. ಸಕ್ಕರೆ ಕಾಯಿಲೆಯಿಂದ ಇವರ ಕಣ್ಣು ಮಂಜಾಗುತ್ತಾ ಬಂದಿದೆ. ನಾನು ಹತ್ತಿರದ್ದು ನೋಡಲು ಚಾಳೀಸು ಹುಡುಕಬೇಕು. ಇರುವ ಒಳ್ಳೆಯ ಕಣ್ಣು ಅವಳವು.

ಕಾನ್ವೆಂಟಿನಲ್ಲಿ ಓದಿದವಳು ದಿನಚರಿ ಕನ್ನಡದಲ್ಲಿ ಯಾಕೆ ಬರೆಯುತ್ತೀ ಎಂದು ಇವರು ಒಮ್ಮೆ ಕೇಳಿದ್ದರು. ಏನೋ ಉತ್ತರ ಕೊಟ್ಟೆ. ಇಂಗ್ಲಿಷಿನಲ್ಲಿ ಬರೆದರೆ ನಾನು ಬಹಳ ಒಳ್ಳೆಯವಳಾಗಿ ಕಾಣಿಸುತ್ತೇನೆ, ಅದಕ್ಕೆ.

ಏಪ್ರಿಲ್ ೨೫, ಶುಕ್ರವಾರ

ನರಗುಂದದ ಒಂದು ಹೆಣ್ಣುಮಕ್ಕಳ ಶಾಲೆಯಿಂದ ತನ್ವೀರ ತನ್ನ ಗಾಡಿ ತುಂಬ ಹಳೆಯ ಕಂಪ್ಯೂಟರು ತಂದಿಳಿಸಿದ. ಧೂಳು, ಜೇಡರ ಬಲೆ, ಒಂದರೊಳಗೆ ಇಲಿಯ ಗೂಡು. ಮುಖ್ಯೋಪಾಧ್ಯಾಯಿನಿ ನಾಗರತ್ನಾ ಅವರು ಗಾಡಿಯ ಹಿಂದೆಯೇ ಬಸ್ಸಿನಲ್ಲಿ ಬಂದರು. ಹೊಸವು ಬರುವುದಿಲ್ಲವಂತೆ. ಶಾಲೆ ಶುರುವಾಗುವ ಹೊತ್ತಿಗೆ ಲ್ಯಾಬು ನಡೆಯದಿದ್ದರೆ ಆ ಕೋಣೆಯನ್ನು ಉಗ್ರಾಣ ಮಾಡುತ್ತಾರಂತೆ. ಶಿರೋಳದಿಂದ ಬರುವ ಹುಡುಗಿಯರು ಬೇರೆಲ್ಲೂ ಕಂಪ್ಯೂಟರು ಮುಟ್ಟುವುದಿಲ್ಲ ಎಂದರು.

ಇವರು ಧೈರ್ಯ ಹೇಳಿದರು. ಕರೆಂಟು ಏರಿಳಿದು ಬೋರ್ಡು ಸುಡುತ್ತದೆ, ಪವರ್ ಸಪ್ಲೈ ಸುಡುತ್ತದೆ, ಪ್ರೊಸೆಸರ್ ಸುಲಭವಾಗಿ ಸಾಯುವುದಿಲ್ಲ. ಸತ್ತವುಗಳಿಂದ ಅದನ್ನು ತೆಗೆದು ಚೆನ್ನಾಗಿರುವ ಬೋರ್ಡಿಗೆ ಹಾಕಿದರೆ ಅರ್ಧದಷ್ಟಾದರೂ ಎದ್ದು ಕೂರುತ್ತವೆ. ಆದರೆ ಎಲ್ಲಕ್ಕೂ ಒಂದು ದೊಡ್ಡ ಮಷೀನು ತಾಯಿ ಇದ್ದಂತೆ. ಉಳಿದವು ಅದರ ಪ್ರೊಸೆಸರಿನ ಬಲದಿಂದಲೇ ನಡೆಯುತ್ತವೆ. ಅಂಥ ಪ್ರೊಸೆಸರ್ ಈಗ ತಯಾರಾಗುವುದಿಲ್ಲ. ಅದು ಹೋದರೆ ಉಳಿದವೆಲ್ಲ ಬರೀ ಪರದೆ.

ಅತ್ತೆ ಜಮಾಲಬಿ ರೊಟ್ಟಿ ಬುತ್ತಿ ತಂದವರು ರಾಶಿ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ನಿಮ್ಮ ಮಾವ ಮಂದಿ ಹಳೇ ಗಾದಿ ಬಿಚ್ಚಿ ಅರಳಿ ಹಿಂಜತಿದ್ರು. ನೀವು ಮಂದಿ ಹಳೇ ಡಬ್ಬಿ ಬಿಚ್ಚಿ ಅದೇನೋ ಹಿಂಜತೀರಿ. ಕಸಬ ಏನೂ ಬದಲಿ ಆಗಿಲ್ಲ ಬಿಡ್ರಿ."

ಎಲ್ಲರೂ ನಕ್ಕೆವು. ಆ ಗದ್ದಲದಲ್ಲೇ ಅಂಜುಮ ಚೀಲದಿಂದ ಮೆಹೆಂದಿ ಕೋನು ತೆಗೆದಳು. ಅದರಲ್ಲಿ ಮೆಹೆಂದಿ ಇರಲಿಲ್ಲ. ಪ್ರೊಸೆಸರಿಗೂ ಅದರ ಮೇಲೆ ಕೂತು ಬಿಸಿ ಹೀರುವ ಲೋಹದ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಬೂದು ಪೇಸ್ಟನ್ನು ತುಂಬಿಕೊಂಡು ಬಂದಿದ್ದಳು. ಗಜೇಂದ್ರಗಡದಲ್ಲಿ ಮದುವೆಗೆ ಮೊದಲು ಅವಳು ಮದುವಣಗಿತ್ತಿಯರ ಕೈಗೆ ಮೆಹೆಂದಿ ಹಚ್ಚುತ್ತಿದ್ದವಳು. ಸರಿಯಾಗಿ ನಡುವೆ ಜೋಳದ ಕಾಳಿನಷ್ಟು ಇಟ್ಟಳು.

"ಹೆಚ್ಚಾದ್ರ ಹೊರಗ ಬರ್ತೈತಿ, ಕಡಿಮಿ ಆದ್ರ ಬಣ್ಣ ಏರಂಗಿಲ್ಲ ಅಂತ ಭಾವಗ ಹೇಳ್ರಿ ಅಕ್ಕಾ."

ನಾನು ಹೇಳಬೇಕಾಗಿ ಬರಲಿಲ್ಲ. ಇವರು ಗೋಡೆಯ ಕಡೆ ತಿರುಗಿ ಭುಜ ಕುಣಿಯುವಂತೆ ನಕ್ಕರು. ನನ್ನೆದುರು ನಗುವಾಗ ಇವರು ಎಲ್ಲೂ ತಿರುಗುವುದಿಲ್ಲ. ಅವಳಿದ್ದಾಗ ಮರ್ಯಾದೆಗೆ ತಿರುಗುತ್ತಾರೆ. ನಗುವಿಗಿಂತ ಆ ತಿರುಗಿದ ಬೆನ್ನೇ ನನಗೆ ಹೆಚ್ಚು ಚುಚ್ಚಿತು. ಮರ್ಯಾದೆ ಕೊಡುವಷ್ಟು ದೊಡ್ಡ ನಗು ನನ್ನಿಂದ ಯಾವಾಗ ಬಂದಿತ್ತು?

ಏಪ್ರಿಲ್ ೨೯

ಇವತ್ತು ನಾನೇ ಒಂದಕ್ಕೆ ಪೇಸ್ಟು ಹಚ್ಚಿದೆ. ಹೀಟ್‌ಸಿಂಕು ಕೂರಿಸಿದಾಗ ನಾಲ್ಕೂ ಬದಿಯಿಂದ ಉಕ್ಕಿತು. ಅಂಜುಮ ಏನೂ ಅನ್ನದೆ ಹತ್ತಿಯಿಂದ ಒರೆಸಿ ಮತ್ತೆ ಹಚ್ಚಿದಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಮೇ ೩, ಶನಿವಾರ

ಜಕ್ಕಲಿಯ ದುರಗಪ್ಪ ತನ್ನ ಝೆರಾಕ್ಸ್ ಅಂಗಡಿಯ ಕಂಪ್ಯೂಟರನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದಿದ್ದ. ಏನಾಗಿದೆ ಎಂದು ಕೇಳಿದೆ. "ನೀವು ಕುಂಡ್ರಿ ಅಕ್ಕಾರ, ಸಣ್ಣವ್ವಾರು ಬರ್ಲಿ" ಎಂದ. ಈ ಅಂಗಡಿಯ ಹೆಸರಿನ ಬೋರ್ಡಿನ ಮೇಲಿನ ಇಂಗ್ಲಿಷ್ ಅಕ್ಷರ ಬರೆಸಿದವಳು ನಾನು. ಕೂತೆ.

ಅಂಜುಮ ಬಂದಳು, ಮುಚ್ಚಳ ತೆಗೆದಳು, ಮೂಸಿ ನೋಡಿದಳು, ಎಲ್ಲಿ ಸುಟ್ಟಿದೆ ಎಂದು ವಾಸನೆಯಿಂದಲೇ ಹೇಳಿದಳು. ಹೇಳುವಾಗ ಜಂಬವೂ ಇತ್ತು. ದುರಗಪ್ಪನಿಗೆ, "ಮಳಿಗಾಲದಾಗ ಇದನ್ನ ಎಮ್ಮಿ ಜೋಡಿ ಕಟ್ಟೀರೇನ?" ಎಂದು ಕೇಳಿ ಅವನನ್ನು ನಾಚಿಸಿದಳು. ಅವಳಿಗೆ ತನ್ನ ಬೆಲೆ ಗೊತ್ತಿದೆ. ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ.

"ಭೇಷ್ ಮಾಡಿದಿ ಅಂತ ಅಂಜುಮಗ ಹೇಳು" ಎಂದರು ಇವರು.

ನಾನು ಅವಳ ಕಡೆ ತಿರುಗಿ, "ಸರಿ ಐತಂತ" ಎಂದೆ.

ಅವಳಿಗೆ ಇವರ ಮಾತು ಕೇಳಿಸಿಯೇ ಇತ್ತು. ಆದರೂ ನನ್ನ ಬಾಯಿಂದ ಬಂದದ್ದನ್ನೇ ಹಿಡಿದು, ಸರಿ ಎಂಬಂತೆ ತಲೆಯಾಡಿಸಿದಳು.

ಇದು ಆ ಬಗೆಯ ಅನುಮಾನವಲ್ಲ. ಆ ಬಗೆಯದಾಗಿದ್ದರೆ ಸುಲಭವಿತ್ತು. ಜಗಳ ಮಾಡಬಹುದಿತ್ತು, ತವರಿಗೆ ಹೋಗಬಹುದಿತ್ತು, ನಾಲ್ಕು ಜನ ನನ್ನ ಪರ ಮಾತಾಡುತ್ತಿದ್ದರು. ಗಂಡನ ಮನಸ್ಸನ್ನು ಕದಿಯದೆ ಅವನ ಕೆಲಸದಲ್ಲಿ ಪಾಲು ಪಡೆದವಳ ಮೇಲೆ ಯಾರ ಹತ್ತಿರ ದೂರು ಹೇಳುವುದು? ಇವರು ಮನೆಗೆ ಬಂದ ಮೇಲೂ ಕಣ್ಣು ಮುಚ್ಚಿ ಯಾವ ಬೋರ್ಡಿಗೆ ಯಾವುದು ಹೊಂದುತ್ತದೆ ಎಂದು ಯೋಚಿಸುತ್ತಿರುತ್ತಾರೆ. ಮುಖದಲ್ಲಿ ಒಂದು ಸುಖ ಇರುತ್ತದೆ. ನಾನು ಏನು ಎಂದು ಕೇಳಿದರೆ, "ಏನಿಲ್ಲ, ನಾಳೆ ಅಂಜುಮಗ ಒಂದು ಹೇಳಬೇಕು" ಎನ್ನುತ್ತಾರೆ. ನನಗೆ ಹೇಳುವುದಲ್ಲ, ನನ್ನ ಮೂಲಕ ಹೇಳುವುದು.

ಮೇ ೯, ಶುಕ್ರವಾರ

ಮಧ್ಯಾಹ್ನ ಇವರ ಬಲಗಣ್ಣಿನ ಮುಂದೆ ಕಪ್ಪು ಪರದೆ ಇಳಿದಂತಾಯಿತು. ಹುಬ್ಬಳ್ಳಿಗೆ ಕರೆದುಕೊಂಡು ಬಂದಿದ್ದೇವೆ. ಕಣ್ಣಿನ ಹಿಂದಿನ ಪೊರೆ ಬಿಚ್ಚಿಕೊಂಡಿದೆಯಂತೆ. ನಾಳೆಯೇ ಆಪರೇಷನ್.

ದವಾಖಾನೆಯ ಬೆಂಚಿನ ಮೇಲೆ ಇವರು ನನ್ನ ಕೈ ಹಿಡಿದುಕೊಂಡಿದ್ದರು. ಅಲ್ಲಿ ನಮ್ಮ ನಡುವೆ ಯಾರೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಅದು ನನ್ನ ಗಮನಕ್ಕೆ ಬಂತಲ್ಲ ಎಂದು ನಾಚಿಕೆಯಾಗುತ್ತಿದೆ.

ಮೇ ೧೩

ಆಪರೇಷನ್ ಮುಗಿಸಿ ಮನೆಗೆ ಬಂದಿದ್ದೇವೆ. ಕಣ್ಣಿನೊಳಗೆ ಗಾಳಿ ತುಂಬಿದ್ದಾರೆ. ಅದು ಪೊರೆಯನ್ನು ಒತ್ತಿ ಹಿಡಿಯಬೇಕಾದರೆ ಇವರು ಬೋರಲು ಮಲಗಬೇಕು. ತಿನ್ನುವಾಗ ಬಿಟ್ಟರೆ ಉಳಿದ ಹೊತ್ತೆಲ್ಲ ಮುಖ ದಿಂಬಿನಲ್ಲಿ. ಅತ್ತೆ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಾ, "ಹುಟ್ಟಿದಾಗೂ ಹಿಂಗ ಮಕಾಡೆ ಮಲಗಾವ ಇವ" ಎಂದರು. ದಿಂಬು ನಕ್ಕಿತು.

ಅಂಗಡಿ ಅಂಜುಮಳ ಕೈಯಲ್ಲಿದೆ. ಅವಳು ಬೆಳಿಗ್ಗೆ ಬೇಗ ಹೋಗಿ ಬಾಗಿಲು ತೆಗೆಯುತ್ತಾಳೆ. ನಾನು ಇವರಿಗೆ ತಿನ್ನಿಸಿ, ದಿಂಬು ಏನು ಹೇಳುತ್ತದೋ ಕೇಳಿಸಿಕೊಂಡು ಹೋಗುತ್ತೇನೆ. ಸಂಜೆ ಅವಳು ನಮ್ಮ ಕೋಣೆಯ ಪರದೆಯಾಚೆ ನಿಂತು ದಿನದ ಕೆಲಸ ಹೇಳುತ್ತಾಳೆ. ನಾನು ಪರದೆಯ ಈಚೆ ನಿಂತು ಅದನ್ನೇ ದಿಂಬಿಗೆ ಹೇಳುತ್ತೇನೆ.

ಮೇ ೧೫, ಗುರುವಾರ

ಬೆಳಿಗ್ಗೆ ಹೊರಟಾಗ ಇವರು ಕರೆದರು. "ದೊಡ್ಡ ಮಷೀನಿನ ಬೋರ್ಡ್ ಸುಟ್ಟೈತಿ, ಬ್ಯಾರೇದಕ್ಕ ಹಾಕಾಕ ಇವತ್ತ ಅದರ ಪ್ರೊಸೆಸರ್ ತಗಿತಾಳ. ಬ್ಯಾರೇವಕ್ಕ ಮ್ಯಾಲ ಕಬ್ಬಿಣದ ಹಿಡಿತ ಇರ್ತೈತಿ, ಇದಕ್ಕಿಲ್ಲ. ಪೇಸ್ಟ್ ಒಣಗಿ ಅಂಟಿರ್ತೈತಿ. ತಣ್ಣಗಿದ್ದಾಗ ಹೀಟ್‌ಸಿಂಕ್ ಜಗ್ಗಿದ್ರ ಪ್ರೊಸೆಸರ್ ಕಿತಗೊಂಡು ಬರ್ತೈತಿ, ತಳದಾಗಿನ ಪಿನ್ನಿನಂಥ ಕಾಲು ಎಲ್ಲಾ ಮಣೀತಾವ. ಮೊದಲ ಕೂದಲಾ ಒಣಗಸೂ ಡ್ರೈಯರ್ ಹಿಡಿದು ಬಿಸಿ ಮಾಡಿ, ತಿರುವಿ ತಗಿ ಅಂತ ಅಂಜುಮಗ ಹೇಳು. ಮರೀಬ್ಯಾಡ."

ಮರೆಯಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಹೋದೆ.

ಅಂಗಡಿಯಲ್ಲಿ ಅಂಜುಮ ಇವರ ಜಾಗದಲ್ಲಿ ಕೂತಿದ್ದಳು. ಗೋಡೆಯ ಕಡೆಯ ಕುರ್ಚಿಯಲ್ಲಿ. ದೊಡ್ಡ ಮೇಜು ಬೇಕಾಗಿತ್ತು, ಅದಕ್ಕೆ ಅಲ್ಲಿ ಕೂತಿದ್ದಳು, ಅಷ್ಟೇ. ತಲೆಯೆತ್ತಿ ಕೇಳಿದಳು, "ಭಾವ ಇದರ ಬಗ್ಗೆ ಏನರ ಹೇಳ್ಯಾರೇನ್ರಿ ಅಕ್ಕಾ?"

"ಇಲ್ಲ" ಎಂದೆ.

ಮೇ ೧೬, ಶುಕ್ರವಾರ

ನಿನ್ನೆ ಅದಕ್ಕಿಂತ ಹೆಚ್ಚು ಬರೆಯಲಾಗಲಿಲ್ಲ.

ಅವಳು ಎರಡೂ ಕೈಯಿಂದ ಹೀಟ್‌ಸಿಂಕು ಹಿಡಿದು ಮೇಲಕ್ಕೆ ಎಳೆದಳು. ಹಲ್ಲು ಕಿತ್ತಂಥ ಸದ್ದಾಯಿತು. ಕೆಳಗೆ ಅಂಟಿಕೊಂಡೇ ಪ್ರೊಸೆಸರ್ ಬಂತು. ಕೂದಲಿನಂಥ ಕಾಲುಗಳಲ್ಲಿ ಒಂದು ಮೂಲೆಯವು ಗಾಳಿಗೆ ಬಿದ್ದ ಜೋಳದ ಬೆಳೆಯಂತೆ ಒರಗಿದ್ದವು. ಅಂಜುಮ ಕೂಗಲಿಲ್ಲ. ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. "ನಾಗರತ್ನಾ ಮೇಡಮ್ಮಾರಿಗೆ ಏನ ಹೇಳೂನ್ರಿ ಅಕ್ಕಾ" ಎಂದಳು.

ಅವಳು ತಪ್ಪು ಮಾಡಬೇಕು ಎಂದು ಎಷ್ಟು ದಿನದಿಂದ ಕಾಯುತ್ತಿದ್ದೆ. ಆ ತಪ್ಪು ಕಣ್ಣೆದುರು ಇತ್ತು. ನನಗೆ ಊಟ ಸೇರಲಿಲ್ಲ.

ಸಂಜೆ ಪರದೆಯಾಚೆಯಿಂದ ಹೇಳಿದಳು, ಈಚೆಯಿಂದ ನಾನು ಹೇಳಿದೆ. ಇವರು ದಿಂಬಿನಿಂದ ಮುಖ ಎತ್ತಿಬಿಟ್ಟರು. ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. "ಬಿಸಿ ಮಾಡಿ ತಗೀಬೇಕು ಅಂತ ಮುಂಜಾನೆ ನಿನಗ ಹೇಳಿದ್ದೆನಲ್ಲ. ಅಂಜುಮಗ ಹೇಳಿದ್ದಿಲ್ಲೇನು ಜಬೀನ?"

ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ಈಗಲೂ ಗೊತ್ತಿಲ್ಲ.

"ಅಕ್ಕ ಹೇಳಿದ್ರು ಭಾವ. ನಾನ ಕೇಳಲಿಲ್ಲ."

ಪರದೆಯಾಚೆಯಿಂದ, ನೇರವಾಗಿ. ಅಡುಗೆಮನೆಯಲ್ಲಿ ಅತ್ತೆಯ ಕೈಯಲ್ಲಿನ ರೊಟ್ಟಿಯ ಸದ್ದು ನಿಂತಿತು. ಮದುವೆಯಾಗಿ ಬಂದಾಗಿನಿಂದ ಅಂಜುಮ ಇವರಿಗೆ ಆಡಿದ ಮೊದಲ ಮಾತು ಅದು. ಅದೂ ಸುಳ್ಳು, ಅದೂ ನನಗಾಗಿ.

ಇವರು ಮತ್ತೆ ದಿಂಬಿಗೆ ಮುಖವಿಟ್ಟು, "ಹೋಗ್ಲಿ ಬಿಡವ್ವಾ" ಎಂದರು. ಅವಳಿಗೆ. ನಾನು ನಡುವೆ ನಿಂತೇ ಇದ್ದೆ. ಯಾರೂ ನನಗೆ ಏನೂ ಹೇಳು ಎನ್ನಲಿಲ್ಲ.

ಮೇ ೧೯, ಸೋಮವಾರ

ಇಡೀ ದಿನ ಪ್ರೊಸೆಸರಿನ ಕಾಲು ನೆಟ್ಟಗೆ ಮಾಡುವುದರಲ್ಲೇ ಹೋಯಿತು. ಒಂದು ಮುರಿದರೂ ಮುಗಿಯಿತು. ಸೂಜಿಯಿಂದ ನೂಕಿದರೆ ಪಕ್ಕದ್ದಕ್ಕೆ ತಾಗುತ್ತಿತ್ತು. ಅಂಜುಮ ಮೆಹೆಂದಿಯ ಸಣ್ಣ ಗೆರೆ ಎಳೆಯುವ ಬಾಟಲಿಯ ತುದಿಯ ಸಣ್ಣ ಸ್ಟೀಲ್ ಕೊಳವೆ ಬಿಚ್ಚಿದಳು. ಅದು ಒಂದೊಂದೇ ಕಾಲಿನ ಮೇಲೆ ಟೊಪ್ಪಿಗೆಯಂತೆ ಕೂರುತ್ತದೆ. ಕೂರಿಸಿ ಮೆಲ್ಲಗೆ ಎತ್ತಿದರೆ ಕಾಲು ನಿಲ್ಲುತ್ತದೆ.

"ನಿಮ್ಮ ಚಾಳೀಸ ಕೊಡ್ರಿ" ಎಂದಳು. ಅವಳ ಕಣ್ಣಿಗೆ ಅದು ಭೂತಗನ್ನಡಿ. ಕೊಟ್ಟೆ. ನನಗೆ ಎಲ್ಲ ಮಸುಕಾಯಿತು. ನನ್ನ ಕೈಗೆ ಬ್ಯಾಟರಿ ಕೊಟ್ಟು ಬೆಳಕು ಹಿಡಿಯಲು ಹೇಳಿದಳು. ಮದುಮಗಳ ಕೈ ಹಿಡಿದಂತೆ ಆ ಚೌಕವನ್ನು ಹಿಡಿದಿದ್ದಳು. ಬಗ್ಗಿದ ಅವಳ ತಲೆಯಿಂದ ಸೀಗೆಪುಡಿಯ ವಾಸನೆ ಬರುತ್ತಿತ್ತು. ಇಷ್ಟು ಹತ್ತಿರದಿಂದ ಅವಳನ್ನು ನಾನು ನೋಡಿರಲಿಲ್ಲ, ಈಗ ನೋಡಿದರೆ ಚಾಳೀಸಿಲ್ಲದೆ ಕಾಣಿಸುತ್ತಿರಲಿಲ್ಲ.

ಮುಖ ಕಾಣದಿದ್ದುದರಿಂದ ಹೇಳುವುದು ಸಾಧ್ಯವಾಯಿತೋ ಏನೋ. "ಅವರು ಹೇಳಿದ್ರು ಅಂಜುಮ. ನಾನ ನಿನಗ ಹೇಳಲಿಲ್ಲ."

ಅವಳು ಕೈ ನಿಲ್ಲಿಸಲಿಲ್ಲ. "ಗೊತ್ತಾತ್ರಿ, ಅವತ್ತ ಸಂಜಿಕ."

"ಮತ್ತ ಯಾಕ ಸುಳ್ಳ ಹೇಳಿದಿ?"

"ನಿಮಗಾದ್ರ ಭಾವ ಬೈತಿದ್ರು. ನನಗ ಹ್ಯಾಂಗ ಬೈತಾರ? ನನಗ ಬೈಯೂದಿದ್ರ ಮೊದಲ ನಿಮಗ ಹೇಳಬೇಕು, ನೀವು ಬಂದು ನನಗ ಬೈಬೇಕು. ಅಷ್ಟರಾಗ ಯಾರ ಸಿಟ್ಟ ಉಳೀತೈತಿ?"

ನಾನು ನಕ್ಕುಬಿಟ್ಟೆ. ಬ್ಯಾಟರಿ ಅಲ್ಲಾಡಿತು. "ಬೆಳಕ ಅಲ್ಲಾಡಸಬ್ಯಾಡ್ರಿ" ಎಂದು ಗದರಿದಳು. ಇನ್ನೊಂದು ಕಾಲು ನಿಲ್ಲಿಸಿದ ಮೇಲೆ, ಅದೇ ದನಿಯಲ್ಲಿ, "ಇನ್ನೊಮ್ಮೆ ಹಂಗ ಮಾಡಬ್ಯಾಡ್ರಿ ಅಕ್ಕಾ. ನಾ ನಿಮ್ಮ ಬಾಯಿ ನಂಬಿ ಕುಂತಾಕಿ" ಎಂದಳು.

ಆ ಮಾತನ್ನು ಮನೆಯವರೆಗೂ ಹೊತ್ತುಕೊಂಡು ಬಂದೆ.

ಮೇ ೨೮, ಬುಧವಾರ

ನರಗುಂದದಲ್ಲಿ ಲ್ಯಾಬು ನಡೆಯಿತು. ಇವರಿಗೆ ಇನ್ನೂ ಪ್ರಯಾಣ ಬೇಡ ಎಂದಿದ್ದಾರೆ. ತನ್ವೀರ ಗಾಡಿ ಹೊಡೆದ, ನಾವಿಬ್ಬರೂ ಹೋದೆವು. ದೊಡ್ಡ ಮಷೀನಿನ ಗುಂಡಿ ಒತ್ತುವಾಗ ಅಂಜುಮ ನನ್ನ ಮೊಣಕೈ ಹಿಡಿದಳು. ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ಅವಳ ಉಗುರು ನನ್ನ ತೋಳಿಗೆ ಇಳಿಯಿತು. ಆಮೇಲೆ ಬಿಳಿ ಅಕ್ಷರ ಓಡತೊಡಗಿದವು.

"ಏನಂತ ಬಂದೈತ್ರಿ?" ಎಂದಳು. ಮೊಬೈಲು ತೆಗೆಯಲಿಲ್ಲ, ನನ್ನನ್ನೇ ಕೇಳಿದಳು. ಓದಿ ಹೇಳಿದೆ.

ನಾಗರತ್ನಾ ಅವರು ನಮ್ಮಿಬ್ಬರಿಗೂ ಚಹಾ ತರಿಸಿದರು. ಯಾರು ಇದನ್ನು ಸರಿಮಾಡಿದ್ದು ಎಂದು ಕೇಳಿದಾಗ ಅಂಜುಮ, "ನಾನ್ರಿ. ಕೆಡಿಸಿದ್ದೂ ನಾನ" ಎಂದಳು. ನಾನು ಚಹಾ ಕುಡಿದೆ. ಬಾಯಿ ಸುಟ್ಟಿತು.

ಜೂನ್ ೪

ಇವರು ಅಂಗಡಿಗೆ ಬರತೊಡಗಿದ್ದಾರೆ. ಬಲಗಣ್ಣಿಗೆ ಬೆಳಕು ಬಂದಿದೆ, ಅಂಚು ಇನ್ನೂ ಸ್ಪಷ್ಟವಿಲ್ಲ.

ಅವತ್ತಿನಿಂದ ಇಬ್ಬರೂ ನೇರವಾಗಿಯೇ ಮಾತಾಡುತ್ತಾರೆ. ಅತ್ತೆಗೆ ಬೇಸರವಾಗಬಹುದು ಎಂದುಕೊಂಡಿದ್ದೆ. "ಬಾಯಿ ಬಿಟ್ಟಾಳಲ್ಲ, ಇನ್ನೇನು ಹೊಲಿಯಾಕ ಬರ್ತೈತೇನು" ಎಂದರು. ನಡುವಿನ ಸ್ಟೂಲಿನ ಮೇಲೆ ಈಗ ಸ್ಕ್ರೂಗಳ ಡಬ್ಬಿ ಇಟ್ಟಿದ್ದಾರೆ. ಶಾಲೆ ಬೇರೆ ಶುರುವಾಗಿದೆ. ಸಂಜೆ ಹೋದರೆ ಬಾಗಿಲ ಬಳಿ ಗಿರಾಕಿಗಳ ಬೆಂಚಿನ ಮೇಲೆ ಕೂರುತ್ತೇನೆ.

ಇವತ್ತು ಅವಳು ಏನೋ ಹೇಳಿದಳು. ಇವರು ನಕ್ಕರು, ಗೋಡೆಯ ಕಡೆ ತಿರುಗದೆಯೇ. ಏನು ಎಂದು ಕೇಳಿದೆ. "ಏನಿಲ್ಲ ಬಿಡು, ದುರಗಪ್ಪಂದು" ಎಂದರು. ಮೊದಲು ಅವಳ ಪ್ರತಿಯೊಂದು ಮಾತೂ ನನ್ನ ಕಿವಿಯ ಮೂಲಕ ಹೋಗಬೇಕಿತ್ತು. ತಮಾಷೆ ಇದ್ದರೆ ಮೊದಲು ನಾನು ನಗುತ್ತಿದ್ದೆ. ಈಗ ಇವರು ನಕ್ಕು ಮುಗಿಸಿದ ಮೇಲೆ ಉಳಿದದ್ದು ನನಗೆ. ಇವರಿಗೆ ಅವಳ ತಮಾಷೆ ಅರ್ಧವೂ ತಿಳಿಯುವುದಿಲ್ಲ. ಮಾತು ಮುಗಿಯುವ ಮೊದಲೇ ನಕ್ಕುಬಿಡುತ್ತಾರೆ.

ಸಿಟ್ಟು ಬಂತು. ಮನೆಗೆ ಬಂದು ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ.

ಜೂನ್ ೯, ಸೋಮವಾರ

ಬಕ್ರೀದ್ ಮುಗಿಸಿ ಅಂಜುಮ ಗಜೇಂದ್ರಗಡದ ತವರಿಗೆ ಹೋಗಿದ್ದಾಳೆ. ಹೋಗುವಾಗ ಮೆಹೆಂದಿ ಕೋನು ನನ್ನ ಕೈಗೆ ಕೊಟ್ಟು, ಎಷ್ಟು ಹಾಕಬೇಕು ಗೊತ್ತಲ್ಲ ಎಂದಳು. ಜೋಳದ ಕಾಳಿನಷ್ಟು ಎಂದೆ. ಇವತ್ತು ಸಂಜೆ ಹಾಕಿದೆ. ಉಕ್ಕಲಿಲ್ಲ. ಇವರು ನೋಡಿ, ಚಲೋ ಆಗೇತಿ ಎಂದರು. ಅಷ್ಟೇನೂ ಖುಷಿಯಾಗಲಿಲ್ಲ. ಇವರಿಗೆ ಅದರ ಅಂಚು ಕಾಣುವುದಿಲ್ಲ. ಅವಳು ನೋಡಬೇಕಿತ್ತು.

ಮನೆಯಲ್ಲಿ ಚಹಾ ಕಾಯಿಸುತ್ತಿದ್ದಾಗ ಇವರು ಪಡಸಾಲೆಯಲ್ಲಿ ಅವಳಿಗೆ ಫೋನು ಹಚ್ಚಿದರು. ಅಸೂಟಿಯಿಂದ ಬಂದ ಮಷೀನು ಒಂದು ಏಳುತ್ತಿಲ್ಲವಂತೆ. ನಾನು ಒಲೆ ಸಣ್ಣ ಮಾಡಿ ಹೋಗಿ ಫೋನು ತೆಗೆದುಕೊಂಡೆ. "ಕೊಡ್ರಿ ಇಲ್ಲೆ. ನಾ ಹೇಳತೀನಿ."

"ನಾನ ಮಾತಾಡತೀನಲ್ಲ" ಎಂದರು.

"ನಿಮಗ ಸರಿಯಾಗಿ ಹೇಳಾಕ ಬರಂಗಿಲ್ಲ."

ಅಡುಗೆಮನೆಗೆ ತಂದು ಬಾಗಿಲು ಮುಂದೆ ಮಾಡಿದೆ. ಮಷೀನಿನ ವಿಷಯ ಬೇಗ ಮುಗಿಯಿತು. ಪೇಸ್ಟು ಉಕ್ಕಲಿಲ್ಲ ಎಂದು ಹೇಳಿದೆ. ಫೋಟೊ ಕಳಿಸ್ರಿ, ಕಣ್ಣಲೆ ನೋಡಿದ್ರ ನಂಬತೀನಿ ಎಂದಳು. ಆಮೇಲೆ ಅವಳ ತವರಿನ ಪಕ್ಕದ ಮನೆಯ ಗುಲ್ಷನಳ ನಿಕಾಹದಲ್ಲಿ ನಡೆದದ್ದು ಹೇಳತೊಡಗಿದಳು. ನಡುನಡುವೆ ಅವಳೇ ನಗುತ್ತಿದ್ದಳು, ತಡೆದು ಮತ್ತೆ ಹೇಳುತ್ತಿದ್ದಳು. ನಾನು ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿ ನಕ್ಕೆ. ಚಹಾ ಉಕ್ಕಿ ಒಲೆಯ ಮೇಲೆ ಹರಿಯಿತು.

ಕೊನೆಗೆ, "ಇದನ್ನ ಭಾವಗೂ ಹೇಳ್ರಿ, ಅವರೂ ನಗ್ಲಿ" ಎಂದಳು.

ಹೊರಗೆ ಬಂದು ಇವರ ಕೈಗೆ ಚಹಾ ಕೊಟ್ಟೆ. ಬೋರ್ಡು ಬದಲಿಸಿ ನೋಡಬೇಕಂತೆ ಎಂದೆ.

"ಅಷ್ಟಕ್ಕ ಇಷ್ಟೊತ್ತು ನಗತಿದ್ದಿ? ಮತ್ತೇನಂದ್ಲು ಅಂಜುಮ?"

"ಏನಿಲ್ಲ" ಎಂದೆ.